ತೊಟ್ಟಿಸಾಲಿನ ನಕ್ಷೆ

ಆಗಸ್ಟ್ 4

ಅತ್ತಿಗೆ,

ಬಂದು ತಲುಪಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆ ಮಾತಾಡಲು ಎಲ್ಲಿ ಬಿಡುತ್ತೀರಿ? ಕಾಗದದಲ್ಲಾದರೆ ಕೊನೆಯ ಸಾಲಿನವರೆಗೂ ನನ್ನದೇ ಮಾತು. ನೀವು ಬೈಯಬೇಕೆಂದರೂ ಅಂಚೆಯವನ ದಾರಿ ಕಾಯಬೇಕು.

ಹಾಸ್ಟೆಲ್ ಕೋಣೆಗೆ ಒಂದೇ ಕಿಟಕಿ. ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತದೆ. ಜೊತೆಗಿರುವವಳು ನರ್ಸಿಂಗ್ ಓದುತ್ತಾಳೆ. ನನ್ನ ಕೈ ಹಿಡಿದು ಒಂದೊಂದೇ ಮೂಳೆಯ ಹೆಸರು ಉರು ಹೊಡೆಯುತ್ತಾಳೆ. ನನ್ನ ಪುಸ್ತಕ ತಿರುವಿಹಾಕಿ, "ನಿಮಗೆ ಮೂಳೆನೇ ಇಲ್ವಲ್ಲೇ, ಬರೀ ಜನ!" ಎಂದಳು.

ಬಸ್ಸು ಹತ್ತಿಸುವಾಗ ಅಣ್ಣನೂ ಅದನ್ನೇ ಕೇಳಿದ್ದ: "ಸಮುದಾಯ ಅಭಿವೃದ್ಧಿ ಯೋಜನೆ ಅಂದ್ರೆ ಏನೇ? ಡಿಗ್ರಿ ಮುಗಿಸಿದ ಮೇಲೂ ಓದೋ ಅಂಥದ್ದು ಅದ್ರಲ್ಲಿ ಏನಿದೆ?" ಆಗ ಉತ್ತರ ಬಾಯಿಗೆ ಬರಲಿಲ್ಲ. ಈಗ ಅಷ್ಟಿಷ್ಟು ಗೊತ್ತಾಗಿದೆ. ಒಂದು ಕೇರಿಗೆ ರಸ್ತೆ ಎಲ್ಲಿ, ದೀಪ ಎಲ್ಲಿ, ನೀರು ಮೊದಲು ಯಾರಿಗೆ ಎಂಬುದನ್ನು ಕಚೇರಿಯ ಕುರ್ಚಿಯಲ್ಲಿ ಕೂತವನು ತೀರ್ಮಾನಿಸಬಾರದು, ಅಲ್ಲಿ ಬದುಕುವವರೇ ತೀರ್ಮಾನಿಸಬೇಕು. ಅದು ಆಗುವಂತೆ ಮಾಡುವ ಕೆಲಸವನ್ನು ಇಲ್ಲಿ ಕಲಿಸುತ್ತಾರೆ. ನಕ್ಷೆ ಓದುವುದು, ಮನೆಮನೆ ಸಮೀಕ್ಷೆ, ಬಜೆಟ್ಟನ್ನು ಬಿಡಿಸಿ ನೋಡುವುದು, ಜಗಳವಾಡುವವರನ್ನು ಒಂದು ಕಡೆ ಕೂರಿಸಿ ಮಾತಾಡಿಸುವುದು. ಕೊನೆಯದನ್ನು ಓದಿ ನಗಬೇಡಿ.

ಮೊದಲ ದಿನ ನಮ್ಮ ಮೇಡಂ ಪಾಠವನ್ನೇ ಮಾಡಲಿಲ್ಲ. ಒಳಗೆ ಬಂದವರೇ, "ಈ ಕೋಣೆಯಲ್ಲಿ ಇಲ್ಲದವರು ಯಾರು?" ಎಂದು ಕೇಳಿದರು. ಹಾಜರಿ ಎಂದುಕೊಂಡು ಒಬ್ಬ ಹುಡುಗ ತನ್ನ ಗೆಳೆಯನ ಹೆಸರು ಹೇಳಿದ. ಎಲ್ಲರೂ ನಕ್ಕೆವು. ಮೇಡಂ ನಗಲಿಲ್ಲ. "ಈ ಕಟ್ಟಡ ಗುಡಿಸೋರು ಬಂದಿದಾರಾ? ನಿಮ್ಮ ತಟ್ಟೆ ತೊಳೆಯೋರು? ಯಾವ ಸಭೆಗೆ ಹೋದ್ರೂ ಮೊದಲು ಇದನ್ನ ಕೇಳ್ಕೊಳ್ಳಿ. ಉಳಿದದ್ದು ಪುಸ್ತಕದಲ್ಲಿದೆ" ಎಂದರು.

ಈಗ ಕೆಲಸದ ಮಾತು. ಈ ವರ್ಷ ನಾವು ತಲಾ ಒಂದು ಪ್ರದೇಶ ಆರಿಸಿಕೊಂಡು, ಅದಕ್ಕೊಂದು ಯೋಜನೆ ಬರೆದು, ಅಲ್ಲಿನ ಪುರಸಭೆಗೇ ಕೊಡಬೇಕು. ನಾನು ನಮ್ಮ ಕೇರಿಯನ್ನೇ ಆರಿಸಿಕೊಂಡೆ. ಇದರ ಜೊತೆಗೆ ಕೇರಿಯ ದೊಡ್ಡ ನಕ್ಷೆ, ಅಂಟಿಸುವ ಚುಕ್ಕಿಗಳ ಎರಡು ಪೊಟ್ಟಣ ಕಳಿಸಿದ್ದೇನೆ. ಹೋಗಲು ಇಷ್ಟವಾಗುವ ಜಾಗಕ್ಕೆ ಹಸಿರು, ಬೇಡವೆನಿಸುವ ಜಾಗಕ್ಕೆ ಕೆಂಪು. ಬಟ್ಟೆ ಒಗೆಯಲು ಎಲ್ಲರೂ ಬರುವ ತೊಟ್ಟಿಸಾಲಿನ ಚಪ್ಪರದ ಕಂಬಕ್ಕೆ ತೂಗುಹಾಕಿ. ಬಂದವರು ತಮ್ಮಷ್ಟಕ್ಕೆ ಅಂಟಿಸಿ ಹೋಗಲಿ. ಒಂದು ವಾರ ಬಿಟ್ಟು ಕಳಿಸಿಕೊಡಿ.

ಒಂದೇ ಷರತ್ತು. ನೀವು ಪಕ್ಕದಲ್ಲಿ ನಿಂತುಕೊಳ್ಳಬಾರದು.

ನಿಮ್ಮ ನಾದಿನಿ


ಆಗಸ್ಟ್ 20

ನಾದಿನಿ ಮಹಾರಾಯ್ತಿಗೆ,

ನಿಂತುಕೊಳ್ಳಬಾರದಂತೆ! ಚಪ್ಪರ ಹಾಕಿಸಿದವಳು ನಾನು, ಕಂಬ ನೆಡಿಸಿದವಳು ನಾನು. ಪುರಸಭೆಯ ಬಾಗಿಲಲ್ಲಿ ಮೂರು ದಿನ ಕೂತು, "ನೀರು ಯಾರಪ್ಪನದೂ ಅಲ್ಲ" ಎಂದು ಕೂಗಿ, ಮೇಲಿನ ಟ್ಯಾಂಕಿನಿಂದ ಪೈಪು ಎಳೆಸಿದವಳು ನಾನು. ಆದರೂ ನೀನು ಹೇಳಿದೆಯೆಂದು ದೂರವೇ ನಿಂತೆ. ಅಂದರೆ ನನ್ನ ತೊಟ್ಟಿಯ ಹತ್ತಿರ. ಕಂಬ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ನಿನ್ನ ನಕ್ಷೆ ನೋಡಿ ಹೆಂಗಸರು ಬಿದ್ದುಬಿದ್ದು ನಕ್ಕರು. ಟೈಲರ್ ಹೆಂಡತಿ ತನ್ನ ಅತ್ತೆಮನೆಯ ಮೇಲೆ ಕೆಂಪು ಅಂಟಿಸಿದಳು. ಅವಳ ಅತ್ತೆ ಬಂದು ಅದರ ಪಕ್ಕದಲ್ಲೇ ಇನ್ನೊಂದು ಕೆಂಪು ಅಂಟಿಸಿ, "ನಂಗೂ ಇದೇ ಅಭಿಪ್ರಾಯ" ಎಂದಳು. ನಿನ್ನ ಅಣ್ಣ ಗ್ಯಾರೇಜಿನ ಮೇಲೆ ಹಸಿರು ಇಟ್ಟ. ಮನೆಯ ಮೇಲೆ ಏನೂ ಇಡಲಿಲ್ಲ. ವಿಚಾರಿಸಿಕೊಂಡಿದ್ದೇನೆ.

ತೊಟ್ಟಿಸಾಲಿನ ಮೇಲೆ ಮಾತ್ರ ರಾಶಿ ಚುಕ್ಕಿ. ಹಸಿರೂ ಇವೆ, ಕೆಂಪೇ ಜಾಸ್ತಿ. ಗಾಬರಿಯಾಗಬೇಡ. ಅಲ್ಲಿ ದಿನಾ ಜಗಳ ತಾನೇ? ಲಾಡ್ಜಿನವರು ಬೆಡ್‌ಶೀಟ್ ಗಂಟು ತಂದು ಎಸೆದ ಕೂಡಲೇ ಶುರು. ನನ್ನ ಸೋಪು ಯಾರು ಮುಟ್ಟಿದರು, ನಿನ್ನ ನೊರೆ ನನ್ನ ತೊಟ್ಟಿಗೆ ಯಾಕೆ ಬಂತು, ನೀನು ಹಿಂಡಿದ ನೀರು ನನ್ನ ಕಾಲ ಮೇಲೆ ಯಾಕೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಹರಿದುಹೋಗಿರುತ್ತದೆ. ಸೊಂಟ ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ. ಇವರ ಜೊತೆ ಏಗಿ ಏಗಿ ಸಾಕಾಗಿದೆ ನನಗೆ.

ಹಿಂದಿನ ಸಾಲಿನ ಮನೆಗಳವರಷ್ಟೇ ವಾಸಿ. ಕೊನೇ ತೊಟ್ಟಿಯಲ್ಲಿ ತಮ್ಮ ಪಾಡಿಗೆ ಒಗೆದುಕೊಂಡು ಹೋಗುತ್ತಾರೆ. ತುಟಿ ಪಿಟಕ್ ಅನ್ನುವುದಿಲ್ಲ. ಅಲ್ಲೊಬ್ಬಳಿದ್ದಾಳಲ್ಲ, ಸಣ್ಣಗೆ, ಗುಬ್ಬಿ ಎಂದು ಕರೆಯುತ್ತೇವೆ, ಅವಳು ಮೊನ್ನೆ ಬಂದು ನಮ್ಮ ಮೊದಲ ತೊಟ್ಟಿಗೇ ಬಕೆಟ್ ಅದ್ದಿದಳು. ರೇಗಿದೆ. ಮರುಮಾತಿಲ್ಲದೆ ಬಕೆಟ್ ಚೆಲ್ಲಿ ಹೋದಳು. ಒಳ್ಳೇ ಜನ.

ನಕ್ಷೆ ಕಳಿಸಿದ್ದೇನೆ. ಹೊಟ್ಟೆಗೆ ಸರಿಯಾಗಿ ತಿನ್ನು. ಚುಕ್ಕಿ ಎಣಿಸಿ ಯಾರೂ ದಪ್ಪಗಾಗಿಲ್ಲ.

ಅತ್ತಿಗೆ


ಸೆಪ್ಟೆಂಬರ್ 28

ಅತ್ತಿಗೆ,

ನಕ್ಷೆ ಬಂದಾಗಿನಿಂದ ತಲೆ ಎತ್ತಿಲ್ಲ. ಅದನ್ನು ಗೋಡೆಗೆ ಹಾಕಿದೆ. ನಮ್ಮ ತರಗತಿಯವರೆಲ್ಲ ಬಂದು ನೋಡಿದರು. ಇಡೀ ಕೇರಿಯಲ್ಲಿ ಕೆಂಪು ಗುಂಪಾಗಿರುವುದು ತೊಟ್ಟಿಸಾಲಿನ ಮೇಲೆ. ಅದರ ಸುತ್ತ ಒಂದು ವೃತ್ತ ಎಳೆದೆ. ನಿಮ್ಮ ಕಾಗದವನ್ನೂ ಮತ್ತೆ ಮತ್ತೆ ಓದಿದೆ. ನಿಮ್ಮ ಗಂಟಲು, ಸೊಂಟ, ದಿನಾ ಜಗಳ, ಸಾಕಾಗಿದೆ ಎಂದು ನೀವೇ ಬರೆದದ್ದು. ಅಮ್ಮನೂ ಹಾಗೆಯೇ ಬಾಗಿ ಬಾಗಿ ಕೊನೆಗೆ ನೆಟ್ಟಗೆ ನಿಲ್ಲಲಾಗದೆ ಹೋದಳು. ನೀವು ಹಾಗಾಗಬಾರದು.

ಅದಕ್ಕೇ ಯೋಜನೆಯ ಮುಖ್ಯ ಅಂಶ ಒಂದೇ: ಮನೆಮನೆಗೆ ನಲ್ಲಿ. ಮೊದಲಿನ ಸಾಲು, ಹಿಂದಿನ ಸಾಲು ಎಂಬ ಭೇದವಿಲ್ಲದೆ ಎಲ್ಲ ಮನೆಗೂ. ಒಂದೇ ಕಡೆ ಸೇರಿ ಕಚ್ಚಾಡುವುದು ತಪ್ಪುತ್ತದೆ. ಮೇಡಂ ಓದಿ, "ಬರವಣಿಗೆ ಚೆನ್ನಾಗಿದೆ. ಮತ್ತೊಂದು ಸಲ ಊರಿಗೆ ಹೋಗಿ ಮಾತಾಡಿ ಬಾ" ಎಂದರು. ಹೋಗಿ ಬರಲು ಸಮಯವಿರಲಿಲ್ಲ. ನಮ್ಮ ಕೇರಿ ನನಗೆ ಗೊತ್ತಿಲ್ಲವೇ? ಪುರಸಭೆಗೆ ಸಲ್ಲಿಸಿಯಾಯಿತು. ಅವರು ತುಂಬ ಆಸಕ್ತಿ ತೋರಿಸಿದ್ದಾರೆ.

ತೊಟ್ಟಿಸಾಲಿನ ಜಾಗವನ್ನು ಮುಂದೇನು ಮಾಡುವುದೆಂದು ಇನ್ನೊಮ್ಮೆ ಬರೆಯುತ್ತೇನೆ.

ಅಣ್ಣನಿಗೆ ಹೇಳಿ: ಈ ಓದಿನಲ್ಲಿ ಏನಿದೆ ಎಂದು ಕೇಳಿದ್ದನಲ್ಲ, ಇನ್ನು ಕೆಲವೇ ತಿಂಗಳಲ್ಲಿ ಅವನ ಅಡುಗೆಮನೆಯಲ್ಲೇ ನಲ್ಲಿ ತಿರುಗಿಸಿ ನೋಡಬಹುದು.

ನಿಮ್ಮ ನಾದಿನಿ


ಅಕ್ಟೋಬರ್ 30

ನಾದಿನಿ,

ಜಾಗವನ್ನು ಏನು ಮಾಡುವುದೆಂದು ನೀನು ಬರೆಯುವ ಮೊದಲೇ ಪುರಸಭೆಯ ಎಂಜಿನಿಯರ್ ಬಂದು ಹೇಳಿ ಹೋದ. ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರಂತೆ.

ನಾವು ಶೀಟು ಹಿಂಡುತ್ತಿದ್ದೆವು. ಅವನು ಅಳತೆಪಟ್ಟಿಯ ಒಂದು ತುದಿಯನ್ನು ಟೈಲರ್ ಹೆಂಡತಿಯ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಮ್ಮ" ಎಂದ. ಅವಳು ಪಾಪ ಹಿಡಿದುಕೊಂಡಳು. ತನ್ನ ಅನ್ನಕ್ಕೇ ಅಳತೆ ಹಿಡಿದುಕೊಟ್ಟಳು.

"ಯಾರ್ರೀ ಹೇಳಿದ್ದು ಇದನ್ನ ಒಡೀಬೇಕು ಅಂತ?" ಎಂದೆ.

"ನೀವೇ ಹೇಳಿದ್ದೀರಲ್ಲಮ್ಮ. ಕೆಂಪು ಚುಕ್ಕಿ ಹಾಕಿದ್ದೀರಿ. ವರದಿ ಬರೆದಿರೋದು ನಿಮ್ಮ ಮನೆ ಹುಡುಗೀನೇ. ನಾವೇನು ಸುಮ್ಮನೆ ಬಂದ್ವಾ?" ಎಂದು ನಿನ್ನ ಹೆಸರು ತೋರಿಸಿದ.

ಎಲ್ಲರೂ ನನ್ನ ಮುಖ ನೋಡಿದರು. ಅಷ್ಟು ಜನರ ಮುಂದೆ ನನ್ನ ಬಾಯಿ ಕಟ್ಟಿದ್ದು ಅದೇ ಮೊದಲು. ಕಟ್ಟಿಸಿದವಳು ನೀನು.

ಕೇಳು. ಮನೆಯ ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತದೆ, ಲಾಡ್ಜಿನ ಶೀಟು ತೊಳೆಯುವ ನೀರು ಬರುವುದಿಲ್ಲ. ಎಲ್ಲಿ ನೆನೆಸಲಿ, ನಿನ್ನ ಅಣ್ಣನ ತಲೆಯ ಮೇಲೋ? ಎಲ್ಲಿ ಹರವಲಿ? ಈ ಕೇರಿಯ ಹೆಂಗಸರು ಯಾರ ಮುಂದೆಯೂ ಕೈಯೊಡ್ಡದೆ ಬದುಕುತ್ತಿರುವುದು ಆ ಕಲ್ಲುಗಳ ಮೇಲೆ. ಗಂಡ ಹೊಡೆದವಳು ಮೊದಲು ಹೇಳುವುದು ಅಲ್ಲಿ. ಮಗಳು ಪಾಸಾದವಳು ಮೊದಲು ಕೂಗುವುದು ಅಲ್ಲಿ. ನಾವು ಜಗಳವಾಡುತ್ತೇವೆ. ಹೌದು, ಆಡುತ್ತೇವೆ. ಜಗಳವಾಡಲು ನಮಗಿರುವುದು ಅದೊಂದೇ ಜಾಗ. ನಿನಗೆ ಅಷ್ಟೂ ಅರ್ಥವಾಗಲಿಲ್ಲವೇ? ನಾನು ಸಾಕಾಗಿದೆ ಎಂದು ಬರೆದರೆ ಅದನ್ನು ತೆಗೆದುಹಾಕಿ ಎಂದು ಬರೆದೆನೇ? ನಿನ್ನ ಅಣ್ಣನ ವಿಷಯಕ್ಕೂ ದಿನಾ ಸಾಕಾಗಿದೆ ಎನ್ನುತ್ತೇನೆ. ಅವನನ್ನೂ ಅಳತೆ ಮಾಡಿಸುತ್ತೀಯಾ?

ಅದು ನಿನ್ನ ಅಮ್ಮ ಕೂತ ತೊಟ್ಟಿ. ಅವಳ ಕೈಯಿಂದ ನನ್ನ ಕೈಗೆ ಬಂದದ್ದು.

ವರದಿ ವಾಪಸ್ ತಗೋ. ಅಷ್ಟು ಮಾಡು. ಉಳಿದದ್ದು ನಾವು ನೋಡಿಕೊಳ್ಳುತ್ತೇವೆ. ಒಡೆಯಲು ಬಂದ ದಿನ ಇಡೀ ಕೇರಿ ತೊಟ್ಟಿಯೊಳಗೇ ಇಳಿದು ಕೂರುತ್ತದೆ.


ನವೆಂಬರ್ 6

ಅತ್ತಿಗೆ,

ನಿಮ್ಮ ಕಾಗದ ಬಂದ ದಿನವೇ ಪುರಸಭೆಗೆ ಫೋನ್ ಮಾಡಿದೆ. ಕೊಟ್ಟ ವರದಿ ಈಗ ಅವರದಂತೆ, ಹಿಂದಕ್ಕೆ ಬರುವುದಿಲ್ಲವಂತೆ. ಆಕ್ಷೇಪವಿದ್ದರೆ ಡಿಸೆಂಬರ್ ಇಪ್ಪತ್ತರ ಅಹವಾಲು ಸಭೆಯಲ್ಲಿ ಕೇರಿಯವರು ಬಂದು ಹೇಳಬೇಕು. ನಾನೂ ಬರುತ್ತೇನೆ.

ಲಾಡ್ಜಿನ ಶೀಟುಗಳ ನೀರನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಓದಿದ್ದು ಆ ಶೀಟುಗಳ ದುಡ್ಡಿನಲ್ಲಿ. ಇದಕ್ಕಿಂತ ಹೆಚ್ಚು ಬರೆದರೆ ನೀವು ಸಮಾಧಾನ ಮಾಡಬೇಕಾಗುತ್ತದೆ. ಅದು ಬೇಡ.

ಆದರೆ ಇನ್ನೊಂದು ವಿಷಯವಿದೆ. ನಾನು ಎಳೆದ ವೃತ್ತವನ್ನು ಅಳಿಸಿ ನಕ್ಷೆಯನ್ನು ಮತ್ತೆ ನೋಡಿದೆ. ಹಸಿರು ಚುಕ್ಕಿಗಳೆಲ್ಲ ತೊಟ್ಟಿಸಾಲಿನ ಮೇಲಿನ ತುದಿಯಲ್ಲಿವೆ. ಕೆಂಪು ಇರುವುದು ಇಳಿಜಾರಿನ ತುದಿಯಲ್ಲಿ. ಮಧ್ಯದಲ್ಲಿ ಕಲಸಿಕೊಂಡಿಲ್ಲ. ಜಗಳಕ್ಕೆ ಬೇಸತ್ತು ಅಂಟಿಸಿದ್ದರೆ ಚುಕ್ಕಿಗಳು ಉದ್ದಕ್ಕೂ ಇರಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ತೊಟ್ಟಿಯ ಹತ್ತಿರ. ನಮ್ಮ ತೊಟ್ಟಿಯ ಮೇಲೆ ಒಂದೂ ಕೆಂಪು ಇಲ್ಲ.

ಕೊನೇ ತೊಟ್ಟಿಯ ಮೇಲೆ ಒಂದೂ ಹಸಿರಿಲ್ಲ.

ಅಲ್ಲಿ ಒಗೆಯುವವರು ಏನು ಹೇಳುತ್ತಾರೆ, ಕೇಳಿದ್ದೀರಾ?

ನಿಮ್ಮ ನಾದಿನಿ


ನವೆಂಬರ್ 19

ಅತ್ತಿಗೆ,

ಉತ್ತರ ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, "ಅವಳು ಚೆನ್ನಾಗೇ ಇದಾಳೆ, ಪಾತ್ರೆಗಳು ಚೆನ್ನಾಗಿಲ್ಲ" ಎಂದ.

ಸಿಟ್ಟಿರಲಿ. ಆದರೂ ಬರೆಯುತ್ತೇನೆ. ಈ ವಾರ ತರಗತಿಯಲ್ಲಿ ಅಣಕು ಸಭೆ ಮಾಡಿಸಿದರು. ಒಬ್ಬರು ಅಧಿಕಾರಿ, ಒಬ್ಬರು ಗುತ್ತಿಗೆದಾರ, ಒಬ್ಬರು ಹೋರಾಟಗಾರ್ತಿ. ಆ ಕೊನೆಯ ಪಾತ್ರ ನನಗೇ ಸಿಗಬಹುದೆಂದು ಗಂಟಲು ಸರಿಮಾಡಿಕೊಂಡಿದ್ದೆ, ನಿಮ್ಮ ಹಾಗೆ ಕೂಗಲು. ಮೇಡಂ ನನ್ನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ನೀನು ಯಾರೂ ಮಾತಾಡಿಸದವಳು. ಯಾರಾದ್ರೂ ಕೇಳಿದ್ರೆ ಮಾತ್ರ ಬಾಯಿ ಬಿಡು" ಎಂದರು. ಯಾರೂ ಕೇಳಲಿಲ್ಲ. ಸಭೆ ಮುಗಿದೇ ಹೋಯಿತು. ಬಡವರ ಪರವಾಗಿ ಕೂಗಿದ ಹೋರಾಟಗಾರ್ತಿಯೂ ನನ್ನ ಕಡೆ ತಿರುಗಲಿಲ್ಲ. ನಾನು ಬಡವಳ ಪಾತ್ರದಲ್ಲೇ ಇದ್ದೆ, ಅತ್ತಿಗೆ. ಅವಳ ಬೆನ್ನ ಹಿಂದೆ.

ಇಲ್ಲಿ ಕಲಿತ ವಿದ್ಯೆಯಲ್ಲಿ ನಿಮಗೆ ಕಳಿಸಬಹುದಾದದ್ದು ಇಷ್ಟೇ. ಸಭೆಗೆ ಮೊದಲು ಹಿಂದಿನ ಸಾಲಿಗೆ ಹೋಗಿ. ಅವರನ್ನು ತೊಟ್ಟಿಯ ಹತ್ತಿರ ಕರೆಸಬೇಡಿ, ಅವರ ಬಾಗಿಲಿಗೆ ಹೋಗಿ. ಒಂದೇ ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಮಾತಿನ ನಡುವೆ ಖಾಲಿ ಬಿದ್ದರೆ ನೀವು ತುಂಬಿಸಬೇಡಿ. ಅವರೇ ತುಂಬಿಸುವವರೆಗೆ ಕಾಯಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಇದೇ. ನಮ್ಮ ತರಗತಿಯಲ್ಲಿ ಅರ್ಧ ಜನ ಇದರಲ್ಲಿ ಫೇಲು.

ಇಷ್ಟು ಒರಟಾಗಿ ನಿಮಗೆ ಎಂದೂ ಬರೆದಿರಲಿಲ್ಲ. ಒರಟುತನ ಕಲಿಸಿದವರು ನೀವೇ.

ನಿಮ್ಮ ನಾದಿನಿ


ಡಿಸೆಂಬರ್ 2

ನಾದಿನಿ,

ಬರೆದು ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಡಬ್ಬಕ್ಕೆ ಹಾಕುತ್ತೇನೆ.

ಹೋಗಿದ್ದೆ. ನೀನು ಹೇಳಿದೆಯೆಂದಲ್ಲ. ತೊಟ್ಟಿಯೊಳಗೆ ಕೂರಲು ಜನ ಬೇಕಿತ್ತು, ಅವರನ್ನು ಕರೆಯಲು ಹೋದೆ. ಗುಬ್ಬಿಯ ಮನೆಯೆಂದರೆ ಒಂದೇ ಕೋಣೆ. ನೀರಿನ ಕೊಡದ ಪಕ್ಕದಲ್ಲಿ ಒಲೆ, ಒಲೆಯ ಪಕ್ಕದಲ್ಲಿ ಇನ್ನೂ ಒಗೆಯದ ದಿಂಬಿನ ಗವಸಿನ ಗಂಟು. ಅದೇ ಗಂಟಿನ ಮೇಲೆ ನನ್ನನ್ನು ಕೂರಿಸಿದಳು. ಕೂರಲು ಬೇರೇನೂ ಇರಲಿಲ್ಲ. ಅಕ್ಕಪಕ್ಕದವರೂ ಬಂದು ಬಾಗಿಲಲ್ಲಿ ನಿಂತರು.

"ಒಡೆಯೋಕೆ ಬರ್ತಾರೆ. ನೀವೆಲ್ಲ ಬರ್ಬೇಕು" ಎಂದೆ.

ಯಾರೂ ಮಾತಾಡಲಿಲ್ಲ. ಖಾಲಿ ಬಿದ್ದರೆ ತುಂಬಿಸಬೇಡಿ ಎಂದು ಬರೆದಿದ್ದೆಯಲ್ಲ. ನಾಲಗೆ ಕಚ್ಚಿಕೊಂಡು ಕೂತೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಹಲ್ಲು ಕೀಳಿಸಿಕೊಂಡಾಗ ಮಾತ್ರ.

ಕೊನೆಗೆ ಗುಬ್ಬಿಯೇ, "ಒಡೆದ್ರೆ ಒಡೀಲಿ ಬಿಡಿ ಅಕ್ಕ" ಎಂದಳು.

"ಹಂಗಂದ್ರೆ?"

"ನಮಗೇನು ಹೋಗುತ್ತೆ? ನಿಮ್ಮ ಕೊಳೆ ನೀರು ಹೋಗುತ್ತೆ. ಮೇಲಿಂದ ಒಂದೊಂದು ತೊಟ್ಟಿ ತುಂಬಿ, ಕಂಡೀಲಿ ಇಳಿದು ಇಳಿದು ನಮ್ಮ ಹತ್ರ ಬರೋ ಹೊತ್ತಿಗೆ ಅದು ನೀರಾ? ಎಲ್ಲರ ಸೋಪು, ಎಲ್ಲರ ಕೊಳೆ. ಅದ್ರಲ್ಲಿ ಜಾಲಿಸಿದ್ರೆ ಬಿಳೀ ಶೀಟು ಬೂದಿ ಬಣ್ಣಕ್ಕೆ ಬರುತ್ತೆ. ಲಾಡ್ಜ್‌ನೋರು ವಾಪಸ್ ಎಸೀತಾರೆ. ಮತ್ತೆ ಅದೇ ನೀರಲ್ಲಿ ಒಗೀತೀವಿ. ಕೆಂಪು ಚುಕ್ಕಿ ಅಂಟಿಸಿದ್ದು ನಾವೇ."

"ಮೊದಲು ಬಂದೋರು ಮೇಲೆ, ಆಮೇಲೆ ಬಂದೋರು ಕೆಳಗೆ. ಅದು ಮೊದಲಿಂದ ಇರೋ ಕ್ರಮ ಅಲ್ವಾ?" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತು. ಬಂದದ್ದನ್ನು ನನ್ನ ಕಿವಿಯೂ ಕೇಳಿತು.

"ನಾವು ಬಂದು ಹತ್ತು ವರ್ಷ ಆಯ್ತಕ್ಕ. ಇಲ್ಲಿಗೆ ಬಂದಾಗ ಹೊಟ್ಟೇಲಿದ್ದ ಮಗಳು ಈಗ ಶಾಲೆಗೆ ಹೋಗ್ತಾಳೆ. ಇನ್ನೂ ಎಷ್ಟು ವರ್ಷ ಆದ್ಮೇಲೆ ನಾವು ಬಂದಂಗೆ?"

ನಾನು ಎದ್ದು ಬಂದೆ.

ನೋಡು, ಅವಳು ಅಂದದ್ದರಲ್ಲಿ ಉತ್ಪ್ರೇಕ್ಷೆಯಿದೆ. ನಮ್ಮ ನೊರೆ ಅಷ್ಟೇನೂ ಇರುವುದಿಲ್ಲ. ಅವರೂ ಮೊದಲೇ ಹೇಳಬಹುದಿತ್ತು. ನನ್ನ ಹತ್ತಿರ ಯಾರು ಬೇಕಾದರೂ ಹೇಳಬಹುದು. ಪುರಸಭೆಯ ಅಧ್ಯಕ್ಷನ ಮುಖಕ್ಕೇ ಹೇಳಿದವಳು ನಾನು, ನೀರು ಯಾರಪ್ಪನದೂ ಅಲ್ಲ ಎಂದು. ಅವನಿಗೆ ಹೇಳಿದೆ. ಅವನಿಗೆ ಮಾತ್ರ ಹೇಳಿದೆ.

ಆ ತೊಟ್ಟಿ ನಿನ್ನ ಅಮ್ಮನದು. ನನ್ನದೆಂದು ಬಿಟ್ಟುಕೊಡಲು ಅದು ನನ್ನೊಬ್ಬಳದಲ್ಲ, ನಿನ್ನದೂ ಹೌದು. ಹಿಂದಿನ ಸಾಲಿನವರಿಲ್ಲದೆ ಸಭೆಗೆ ಹೋದರೆ ಎಂಜಿನಿಯರ್ ಚುಕ್ಕಿ ತೋರಿಸುತ್ತಾನೆ, ನಾವು ಸೋಲುತ್ತೇವೆ. ಹೇಳು, ನಿನ್ನ ಪುಸ್ತಕದಲ್ಲಿ ಇದಕ್ಕೇನು ಬರೆದಿದೆ?


ಡಿಸೆಂಬರ್ 8

ಅತ್ತಿಗೆ,

ಪುಸ್ತಕದಲ್ಲಿ ಏನೂ ಬರೆದಿಲ್ಲ. ಹುಡುಕಿದೆ.

ಅಮ್ಮನ ತೊಟ್ಟಿ ಎಂಬ ಮಾತು ಬೇಡ. ಅಮ್ಮ ಮೊದಲು ಬಂದಳು, ಖಾಲಿಯಿದ್ದ ಕಲ್ಲಿನ ಹತ್ತಿರ ಕೂತಳು. ಅಷ್ಟೇ ಆದದ್ದು. ಯಾರೂ ಅವಳಿಗೆ ನೀರು ಬರೆದುಕೊಟ್ಟಿರಲಿಲ್ಲ. ನನ್ನ ಒಪ್ಪಿಗೆ ಬೇಕೆಂದರೆ ಇಗೋ, ಕೊಟ್ಟೆ. ಇನ್ನು ನನ್ನ ಹೆಸರಿನ ಹಿಂದೆ ನಿಂತುಕೊಳ್ಳಬೇಡಿ.

ಇದರ ಜೊತೆ ಒಂದು ಚಿತ್ರವಿದೆ. ತರಗತಿಯಲ್ಲಿ ಸಿವಿಲ್ ಓದಿ ಬಂದವನೊಬ್ಬನಿದ್ದಾನೆ, ಅವನ ಪಕ್ಕದಲ್ಲಿ ಕೂತು ಬರೆಸಿದೆ. ಟ್ಯಾಂಕಿನ ಪೈಪನ್ನು ತೊಟ್ಟಿಸಾಲಿನ ಉದ್ದಕ್ಕೂ ಎಳೆದು, ಪ್ರತಿ ತೊಟ್ಟಿಗೂ ಬೇರೆ ಕವಲು ಕೊಡುವುದು. ಕೊಳೆ ನೀರು ಪಕ್ಕದ ಚರಂಡಿಗೆ ಇಳಿಯುತ್ತದೆ, ಇನ್ನೊಬ್ಬರ ತೊಟ್ಟಿಗಲ್ಲ. ಮನೆಮನೆಗೆ ನಲ್ಲಿ ಎಳೆಯುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಸಭೆಯಲ್ಲಿ ಬರೀ ಬೇಡ ಎಂದರೆ ಸಾಲದು, ಇದು ಬೇಕು ಎಂದು ಕಾಗದದ ಮೇಲೆ ತೋರಿಸಬೇಕು. ಇದನ್ನು ಹಿಂದಿನ ಸಾಲಿನವರಿಗೆ ಮೊದಲು ತೋರಿಸಿ. ಅವರು ತಿದ್ದಿದರೆ ತಿದ್ದಲಿ.

ಪೈಪು ಬರಲು ವರ್ಷವಾದರೂ ಬೇಕು. ಅಲ್ಲಿಯವರೆಗೆ ಏನು ಮಾಡುವುದು? ಅದು ಯೋಜನೆಯಲ್ಲಿಲ್ಲ. ಅದನ್ನು ಯಾವ ಪುರಸಭೆಯೂ ಮಾಡಿಕೊಡುವುದಿಲ್ಲ. ಅದು ನಿಮ್ಮ ಬಕೆಟ್ಟಿನ ವಿಷಯ.

ನನ್ನ ವರದಿಯ ತೀರ್ಮಾನ ತಪ್ಪು ಎಂದು ಬರೆದು, ಸಹಿ ಹಾಕಿ, ಪುರಸಭೆಗೂ ನಮ್ಮ ವಿಭಾಗಕ್ಕೂ ಕೊಟ್ಟಿದ್ದೇನೆ. ವಿಭಾಗ ನನಗೆ ಹೆಚ್ಚುವರಿ ಸಮಯ ಕೊಟ್ಟಿದೆ. ಇಪ್ಪತ್ತಕ್ಕೆ ಬರುತ್ತೇನೆ.

ನಿಮ್ಮ ನಾದಿನಿ


ಡಿಸೆಂಬರ್ 17

ನಾದಿನಿ,

ಟಿಕೆಟ್ ತೆಗೆಸಿದ್ದರೆ ವಾಪಸ್ ಮಾಡು. ಸಭೆ ಮುಗಿಯಿತು. ಇಪ್ಪತ್ತೆಂದು ಹೇಳಿ ಹದಿನೈದಕ್ಕೇ ಮಾಡಿದರು. ಹಿಂದಿನ ಸಂಜೆ ಚಪ್ಪರದ ಕಂಬಕ್ಕೆ ಚೀಟಿ ಅಂಟಿಸಿ ಓಡಿಹೋದರು. ನಾವು ಯಾರೂ ಬರಬಾರದು ಎಂದೇ ಮಾಡಿದ್ದು. ಇವರ ಬುದ್ಧಿ ನಿನ್ನ ತರಗತಿಯಲ್ಲಿ ಕಲಿಸುತ್ತಾರೋ ಇಲ್ಲವೋ, ಕಲಿಸಬೇಕು.

ನಿನ್ನ ಚಿತ್ರ ಅದಕ್ಕೆ ಮೊದಲೇ ಕೈಸೇರಿತ್ತು. ಬಂದ ಮರುದಿನ ಬೆಳಿಗ್ಗೆ ನಾನು ನನ್ನ ಬಕೆಟ್, ಬ್ರಷ್, ಸೋಪು ಎತ್ತಿಕೊಂಡು ಇಳಿಜಾರಿಗೆ ಇಳಿದು ಕೊನೇ ತೊಟ್ಟಿಯ ಹತ್ತಿರ ಕೂತೆ. ಟೈಲರ್ ಹೆಂಡತಿ, "ದಾರಿ ತಪ್ತಾ ಅಕ್ಕ?" ಎಂದಳು. ಯಾರೋ ನಕ್ಕರು. ಗುಬ್ಬಿ ಗಂಟು ಹೊತ್ತು ಬಂದವಳು ನನ್ನನ್ನು ನೋಡಿ ನಿಂತಳು.

"ಮೇಲೆ ಹೋಗು. ಖಾಲಿಯಿದೆ" ಎಂದೆ.

ಅವಳು ಕದಲಲಿಲ್ಲ. "ಸಭೆಗೆ ನಾವು ಬರ್ಬೇಕು ಅಂತ ಕೊಡ್ತಿದೀರಾ?"

ಇಲ್ಲ ಎನ್ನಬಹುದಿತ್ತು. "ಹೌದು. ಇವತ್ತು ಅದಕ್ಕೇ ಕೊಡ್ತಿದೀನಿ. ನಾಳೆನೂ ಹೋಗು. ಅಷ್ಟೊತ್ತಿಗೆ ಒಳ್ಳೇ ಕಾರಣ ಹುಡುಕಿಟ್ಟಿರ್ತೀನಿ" ಎಂದೆ.

ಅವಳಿಗೆ ನಗು ಬಂತು. ನಗುತ್ತ ಹೋದಳೆಂದು ಬರೆದರೆ ಸುಳ್ಳಾಗುತ್ತದೆ. ನಗು ನುಂಗಿಕೊಂಡು ಹೋದಳು.

ಆ ದಿನ ನಾನು ಒಗೆದೆ. ನಾನು ಇಷ್ಟು ವರ್ಷ ಒಗೆದದ್ದು ಅರ್ಧ ಕೆಲಸ. ನೊರೆ ಹೋಗಲೆಂದು ಜಾಲಿಸಿದರೆ ಮೇಲಿನವರ ನೊರೆ ಬಂದು ಸೇರುತ್ತದೆ. ಶೀಟನ್ನು ಬಿಸಿಲಿಗೆ ಹಿಡಿದೆ. ಬೂದಿ ಬಣ್ಣ. ಉತ್ಪ್ರೇಕ್ಷೆ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕು.

ಸಭೆಗೆ ಹಿಂದಿನ ಸಾಲಿನವರೂ ಬಂದರು. ಎಂಜಿನಿಯರ್ ನಿನ್ನ ತಪ್ಪೊಪ್ಪಿಗೆಯ ಕಾಗದವನ್ನು ಕಡತದ ಅಡಿಗೆ ತಳ್ಳಿದ. "ಬರೆದವರು ಖುದ್ದಾಗಿ ಬಂದಿಲ್ಲ" ಎಂದ. ನಾನು ಎದ್ದೆ. ಅಭ್ಯಾಸ. ಆಮೇಲೆ ನಿನ್ನ ಸ್ಟೂಲು ನೆನಪಾಯಿತು. ಕೂತೆ. ಕೂತು ಗುಬ್ಬಿಯ ಕಡೆ ತಿರುಗಿದೆ.

"ಕೆಂಪು ಚುಕ್ಕಿ ಹಾಕಿದ್ದು ನಾವು ಸಾರ್" ಎಂದಳು ಅವಳು. "ತೊಟ್ಟಿ ಬೇಡ ಅಂತ ಅಲ್ಲ. ಕೊನೇ ತೊಟ್ಟಿ ಬೇಡ ಅಂತ."

"ಎರಡೂ ಒಂದೇ ಅಲ್ವೇನಮ್ಮ?"

"ಬಸ್ಸಲ್ಲಿ ಸೀಟು ಸಿಗಲಿಲ್ಲ ಅಂದ್ರೆ ಬಸ್ಸನ್ನೇ ಸುಟ್ಟುಬಿಡಿ ಅಂತೀವಾ ಸಾರ್?"

ಸಭೆ ಗೊಳ್ಳೆಂದಿತು. ಅವಳು ನಾನು ಮೊದಲೇ ಕೊಟ್ಟಿದ್ದ ನಿನ್ನ ಚಿತ್ರದ ಮಡಿಕೆ ಬಿಚ್ಚಿ ಅವನ ಮೇಜಿನ ಮೇಲೆ ಹರವಿದಳು. ಎರಡು ಕಡೆ ಪೆನ್ಸಿಲಿನಲ್ಲಿ ತಿದ್ದಿದ್ದಳು. ಚರಂಡಿಯನ್ನು ನೀನು ಅವರ ಮನೆಗಳ ಬಾಗಿಲಿಗೇ ಬಿಟ್ಟಿದ್ದೆ, ಮಹಾರಾಯ್ತಿ.

ಗೆದ್ದೆವು ಎಂದು ಕುಣಿಯಬೇಡ. ಒಡೆಯುವುದನ್ನು ತಡೆಹಿಡಿದಿದ್ದಾರೆ. ಪೈಪನ್ನು "ಪರಿಶೀಲಿಸುತ್ತೇವೆ" ಎಂದಿದ್ದಾರೆ. ಆ ಪದದ ವಯಸ್ಸು ನನಗಿಂತ ಜಾಸ್ತಿ. ಪರಿಶೀಲಿಸದಿದ್ದರೆ ಅವರ ಬಾಗಿಲಲ್ಲಿ ಕೂರುತ್ತೇವೆ. ಈ ಸಲ ಎರಡೂ ಸಾಲಿನವರು.

ಅಂದಹಾಗೆ, ಹೆಚ್ಚುವರಿ ಸಮಯ ಎಂದರೆ ಅರ್ಧ ವರ್ಷ ಮತ್ತೆ ಓದುವುದಂತೆ. ನಿನ್ನ ಅಣ್ಣ ವಿಚಾರಿಸಿ ಹೇಳಿದ. ಮುಚ್ಚಿಟ್ಟೆಯಲ್ಲ? ಓದು. ಶೀಟುಗಳು ಇನ್ನೂ ಇವೆ.

ಅತ್ತಿಗೆ


ಜನವರಿ 11

ಅತ್ತಿಗೆ,

ಮುಚ್ಚಿಟ್ಟದ್ದು ನಿಜ. ನೀವು ಆ ಬೇಸರದಲ್ಲಿ ಸಭೆಗೆ ಹೋಗುವುದು ಬೇಡವಿತ್ತು. ಮೇಡಂ ನನ್ನ ತಪ್ಪೊಪ್ಪಿಗೆಯ ಕಾಗದ ಓದಿ, "ಆ ವರದಿಗಿಂತ ಇದು ಚೆನ್ನಾಗಿದೆ. ಅಂಕ ಕೊಡೋ ಹಾಗಿಲ್ಲ" ಎಂದರು. ನನಗೆ ಬೇಜಾರಿಲ್ಲ. ಸ್ವಲ್ಪ ಇದೆ.

ಮತ್ತೆ ಮೊದಲಿನಿಂದ ಮಾಡಬೇಕು. ಹೊಸ ನಕ್ಷೆ, ಹೊಸ ಚುಕ್ಕಿ ಕಳಿಸುತ್ತಿದ್ದೇನೆ. ಈ ಸಲ ಎಲ್ಲಿ ತೂಗುಹಾಕಬೇಕೆಂದು ಹೇಳುವುದಿಲ್ಲ. ತಿಂಗಳ ಕೊನೆಗೆ ನಾನೇ ಬಂದು ಎಲ್ಲರ ಬಾಗಿಲಿಗೂ ಹೋಗುತ್ತೇನೆ. ಗುಬ್ಬಿಯ ಹೆಸರನ್ನು ವರದಿಯಲ್ಲಿ ಹಾಕಬಹುದೇ ಎಂದು ಕೇಳಿ. ಚರಂಡಿ ತಿದ್ದಿದವಳು ಅವಳು.

ತೊಟ್ಟಿಯ ಕ್ರಮ ಈಗ ಹೇಗಿದೆ?

ನಿಮ್ಮ ನಾದಿನಿ


ಜನವರಿ 23

ನಾದಿನಿ,

ನಕ್ಷೆ ಗುಬ್ಬಿಯ ಬಾಗಿಲಲ್ಲಿದೆ. ನಾನು ಪಕ್ಕದಲ್ಲಿ ನಿಂತಿಲ್ಲ. ಇಲ್ಲಿಂದ ಕಾಣುವುದೂ ಇಲ್ಲ. ಹೆಸರು ಹಾಕು ಎಂದಳು, ಆದರೆ ಗುಬ್ಬಿ ಎಂದಲ್ಲವಂತೆ. ಸರಿಯಾದ ಹೆಸರು ನೀನೇ ಬಂದು ಕೇಳಬೇಕಂತೆ. ನಾನು ಇಷ್ಟು ವರ್ಷ ಕೇಳಿರಲಿಲ್ಲ.

ಕ್ರಮ ಕೇಳಿದ್ದೀಯಲ್ಲ. ವಾರಕ್ಕೊಮ್ಮೆ ಎಲ್ಲರೂ ಒಂದೊಂದು ತೊಟ್ಟಿ ಕೆಳಗಿಳಿಯಬೇಕು, ಕೊನೆಯವರು ಮೇಲೆ ಹತ್ತಬೇಕು ಎಂದು ಮಾತಾಯಿತು. ಹಾಗಾದರೆ ಎರಡನೇ ವಾರ ನಾನು ಮೇಲಿರಬೇಕಿತ್ತು ತಾನೇ? ಗುಬ್ಬಿ ಮೊದಲ ತೊಟ್ಟಿ ಬಿಡಲಿಲ್ಲ! "ಹತ್ತು ವರ್ಷದ ಬಾಕಿ ಐತೆ, ಇನ್ನೊಂದು ವಾರ ಇರ್ತೀನಿ" ಎಂದು ಕೂತೇ ಬಿಟ್ಟಳು. ಜಗಳ ಶುರುವಾಗಿದೆ. ಜೋರು ಜಗಳ. ಅರ್ಧ ಕೇರಿ ಅವಳ ಕಡೆ. ನಿನ್ನ ಅಣ್ಣನೂ ಅವಳ ಕಡೆ. ಅವನಿಗೂ ಒಂದು ಕೆಂಪು ಚುಕ್ಕಿ ಎತ್ತಿಟ್ಟಿದ್ದೇನೆ.

ನಾನು ಇನ್ನೂ ಕೊನೇ ತೊಟ್ಟಿಯಲ್ಲೇ ಇದ್ದೇನೆ. ಇಲ್ಲಿಂದಲೇ ಕೂಗುತ್ತೇನೆ. ಪುರಸಭೆಯ ಗೋಡೆ ನಡುಗಿಸಿದ ಗಂಟಲು ನನ್ನದು. ಆದರೆ ಇಲ್ಲಿಂದ ಕೂಗಿದರೆ ಮೇಲಿನವರು ತಿರುಗಿಯೂ ನೋಡುವುದಿಲ್ಲ. ಬೇಕೆಂದಲ್ಲ, ಅವರಿಗೆ ಕೇಳಿಸುವುದಿಲ್ಲ. ಅಷ್ಟೂ ತೊಟ್ಟಿಗಳ ನೀರು ಒಂದಾದ ಮೇಲೊಂದು ಬೀಳುವ ಸದ್ದು ನಡುವೆ ನಿಂತು ಎಲ್ಲವನ್ನೂ ನುಂಗಿಬಿಡುತ್ತದೆ.

ಇಷ್ಟು ವರ್ಷ ಇವರು ಮಾತೇ ಆಡುವುದಿಲ್ಲ ಎಂದುಕೊಂಡಿದ್ದೆ.

ಬರುವಾಗ ಹಳೇ ಬಟ್ಟೆ ತಂದುಕೋ. ನನ್ನ ಪಕ್ಕದಲ್ಲಿ ಜಾಗವಿದೆ.

ಅತ್ತಿಗೆ